ಸ್ಟೇರಿಂಗಿನ ಆಟ

ಗ್ರೀಸಿನ ವಾಸನೆ ಬಂದರೆ ಇಂದಿಗೂ ನಾವಿದ್ದ ಮಹಾರಾಷ್ಟ್ರದ ಪಿಂಪಳಗಾಂವ್‌ನ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ತಾನು ಓಡಿಸುತ್ತಿದ್ದ ಹಳೆಯ ಈರುಳ್ಳಿ ಲಾರಿಯನ್ನು ನಮ್ಮೂರ ಕಡೆಯ ಮಿಸ್ತ್ರಿ ಮಾಮಾನ ಗ್ಯಾರೇಜಿಗೆ ತಂದಿದ್ದ.

“ಸ್ಟೇರಿಂಗಿನ್ಯಾಗ ಭಾಳ ಆಟ ಐತ್ರಿ, ಮಾಮಾ.”

ಮರಾಠಿ ಶಾಲೆಯ ಹುಡುಗಿ ನಾನು. ಆಟವೆಂದರೆ ಸಡಿಲವೆಂದು ತಿಳಿಯದೆ, ಖುಷಿಯಿಂದ ಸೀಟು ಹತ್ತಿ ಕೂತೆ. ಮಾಮಾ ಲಾರಿಯ ಕೆಳಗೆ ಮಲಗಿ, “ಅಲಗಾಡ್ಸವ್ವಾ,” ಎಂದರು. ನಾನು ಕೈಲಾದಷ್ಟು ಎಡಕ್ಕೂ ಬಲಕ್ಕೂ ಎಳೆದಾಡಿದೆ. ಅವರು ಒಂದೊಂದೇ ಕೀಲನ್ನು ಮುಟ್ಟಿ ನೋಡಿ ಹೊರಬಂದರು.

“ಎಲ್ಲಾ ಬಿಗಿ ಅದಾವು, ತಮ್ಮಾ. ನೀ ಹಿಡಿ, ನೋಡೂಣು.”

ಅಪ್ಪ ಹಿಡಿದ. ನಿಂತ ಲಾರಿಯಲ್ಲೇ ಅವನ ಬೆರಳುಗಳು ಸ್ಟೇರಿಂಗಿನ ಮೇಲೆ ಗಡಗಡ ನಡುಗಿದವು.

ಮಾಮಾ, “ಆಟ ಗಾಡ್ಯಾಗಿಲ್ಲ, ನಿನ್ನ ಕೈಯಾಗ ಐತಿ,” ಎಂದರು.

ಅಪ್ಪ ಚಾವಿ ತೆಗೆದು ಅವರ ಅಂಗೈಯಲ್ಲಿಟ್ಟ.

ನಾನು ಅವನ ತೋಳು ಜಗ್ಗಿದೆ. “ಅಪ್ಪಾ, ನನಗೂ ಆ ಆಟ ಕಲಿಸು.”