ಚಿಕ್ಕ ಫ್ರಾಕು

ಇಷ್ಟು ಬೇಗ ಹೂಂ ಅಂದಿದೆಯೆಂದರೆ ಮಗುವಿಗೆ ಯಾರೋ ಪಾಠ ಹೇಳಿಕೊಟ್ಟಿದ್ದಾರೆ. ಗೊಂಬೆ ಆಂಟಿಗೆ ಅನುಮಾನವೇ ಉಳಿಯಲಿಲ್ಲ. ಕಿಟಕಿಯ ಪಕ್ಕ ಮುದುಡಿ ನಿಂತಿದ್ದ ಮಗುವಿನ ಅಪ್ಪನ ಕಡೆ ತಿರುಗಿದಳು. ಆತ ತಟ್ಟನೆ ನೆಲ ನೋಡಿದ. ಸಿಕ್ಕಿಬಿದ್ದ ಕಳ್ಳ ಎಂದುಕೊಂಡಳು.

ಮಕ್ಕಳ ಆಸ್ಪತ್ರೆಯಲ್ಲಿ ಅವಳ ಕೆಲಸ ಒಪ್ಪಿಗೆ ಕೇಳುವುದು. ದೊಡ್ಡವರ ಸಹಿ ಡಾಕ್ಟರು ಪಡೆಯುತ್ತಾರೆ. ಮಗುವಿನ ಬಾಯಿಂದ ಹೂಂ ಅಥವಾ ಊಹೂಂ ಹೊರಡಿಸುವುದು ಇವಳ ಪಾಲು. ಸಂಶೋಧನೆಯ ವಿಷಯದಲ್ಲಿ ಮಗು ಊಹೂಂ ಅಂದರೆ ಅಲ್ಲಿಗೆ ಮುಗಿಯಿತು. ಅಪ್ಪ ಅಮ್ಮ ತಲೆಕೆಳಗಾಗಿ ನಿಂತರೂ ಯಾರೂ ಮೈ ಮುಟ್ಟುವಂತಿಲ್ಲ. ಆ ನಿಯಮ ಬರಲೇಬೇಕೆಂದು ಹಟ ಹಿಡಿದು ಕೂತವಳೂ ಇವಳೇ. ಹಾಗಾಗಿ ಒಂಚೂರು ಜಂಬವಿತ್ತು, ಇರಲಿ ಬಿಡಿ.

ಅವಳ ಉಪಕರಣ ಒಂದು ಬಟ್ಟೆಗೊಂಬೆ. ತೊಳೆದು ತೊಳೆದು ಬಣ್ಣಗೆಟ್ಟ ಫ್ರಾಕು, ಹೆಸರು ಪುಟ್ಟಿ. ಸೂಜಿ, ಬ್ಲೇಡು ಎಂದು ಎದುರಿಗೇ ಹೇಳಿದರೆ ಯಾವ ಮಗು ತಾನೇ ಕೂತೀತು? ಪುಟ್ಟಿಯ ತೊಡೆ ತೋರಿಸಬೇಕು, ಪುಟ್ಟಿಗೆ ಔಷಧಿ ಹಚ್ಚಿ ಮರಗಟ್ಟಿಸಬೇಕು, ನೋವು ಎಷ್ಟೆಂದು ಬೆರಳಲ್ಲಿ ಅಳೆದು ತೋರಿಸಬೇಕು. ಎಂಥ ಮೊಂಡು ಮಗುವೂ ಮೆಲ್ಲಗೆ ಮಾತಿಗೆ ಬರುತ್ತದೆ. ಬೇರೆ ಆಸ್ಪತ್ರೆಗಳವರೂ ಬಂದು ಈ ವಿದ್ಯೆ ಕಲಿತು ಹೋಗಿದ್ದರು.

ಈ ಹುಡುಗಿಗೆ ಐದು ವರ್ಷ. ಕಾಯಿಲೆ ವಾಸಿಯಾಗಿ ಮನೆಗೆ ಹೊರಟು ನಿಂತಿದ್ದಳು. ಅಷ್ಟರಲ್ಲಿ ಡಾಕ್ಟರಿಗೆ ಅವಳ ತೊಡೆಯಿಂದ ಅಕ್ಕಿಕಾಳಿನಷ್ಟು ಚರ್ಮ ಬೇಕಾಯಿತು. ಅದರಿಂದ ಅವಳಿಗೇನೂ ಲಾಭವಿಲ್ಲ. ಮುಂದೆ ಇದೇ ಕಾಯಿಲೆಯಿಂದ ಬರುವ ಮಕ್ಕಳಿಗೆ ಆದರೆ ಆದೀತು. ನಿನ್ನೆ ಎಲ್ಲ ತೋರಿಸಿ, "ನಿಧಾನವಾಗಿ ಯೋಚ್ನೆ ಮಾಡು" ಎಂದು ಪುಟ್ಟಿಯನ್ನು ಅವಳ ಹತ್ತಿರವೇ ಬಿಟ್ಟು ಬಂದಿದ್ದಳು ಗೊಂಬೆ ಆಂಟಿ. ಇವತ್ತು ಕೇಳುತ್ತಿದ್ದ ಹಾಗೇ ಹುಡುಗಿ ತಲೆಯಾಡಿಸಿಬಿಟ್ಟಳು. ಅಳುವಿಲ್ಲ, ಅಪ್ಪನ ಹಿಂದೆ ಅಡಗುವುದಿಲ್ಲ, ಏನೂ ಇಲ್ಲ.

"ನೀವು ಹೊರಗೆ ಕೂತ್ಕೊಳ್ಳಿ. ದೊಡ್ಡವರಿದ್ರೆ ಮಕ್ಕಳು ಅಳ್ತಾರೆ" ಎಂದು ಅಪ್ಪನನ್ನು ಕಳಿಸಿ ಬಾಗಿಲು ಮುಂದೆ ಮಾಡಿದಳು.

"ಚಿನ್ನಾ, ಬೇಡ ಅಂದ್ರೆ ಯಾರೂ ಬೈಯಲ್ಲ. ಡಾಕ್ಟರ್ ಮಾಡ್ಲಾ, ಬೇಡ್ವಾ?"

ಹುಡುಗಿ ಪುಟ್ಟಿಯನ್ನು ಎತ್ತಿ ಕಿವಿಗೆ ಹಿಡಿದು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ಮಾಡ್ಲಿ ಅಂತಾಳೆ."

ನಾಚಿಕೆ ಸ್ವಭಾವದ ಮಕ್ಕಳು ಗೊಂಬೆಯ ಬಾಯಲ್ಲೇ ಮಾತಾಡುತ್ತವೆ. ಗೊಂಬೆ ಆಂಟಿಗೆ ಇದು ಹೊಸದಲ್ಲ.

"ನೋವಾಗುತ್ತೆ, ಗೊತ್ತಲ್ವಾ?"

"ಹೂಂ. ಪಾಪ." ತುಟಿ ಸ್ವಲ್ಪ ಅದುರಿತು. "ಆಮೇಲೆ ಅಪ್ಪ ಹೊಸ ಫ್ರಾಕ್ ಹೊಲಿಸ್ಕೊಡ್ತಾರೆ."

ಓಹೋ, ಇದಾ ಸಮಾಚಾರ! ಗೊಂಬೆ ಆಂಟಿ ಮೈಯೆಲ್ಲ ಉರಿದುಕೊಂಡು ಹೊರಗೆ ಬಂದಳು. ಅಪ್ಪ ಬೆಂಚಿನ ತುದಿಯಲ್ಲಿ ಕೂತಿದ್ದ.

"ಫ್ರಾಕಿನ ಆಸೆ ತೋರಿಸಿ ಒಪ್ಪಿಸಿದ್ರಾ? ನಿಮ್ಮ ಮಗಳೇ ಅಲ್ವೇನ್ರೀ ಅದು?"

"ಆಸೆ ತೋರಿಸ್ಲಿಲ್ಲ ಮೇಡಂ. ಬೆಳಿಗ್ಗೆ ಅವಳೇ ಕೇಳಿದ್ಲು, ಆಯ್ತು ಅಂದೆ. ಚಿಕ್ಕದೇ ಸಾಕು ಅಂದ್ಲು."

"ಮತ್ತೆ ನನ್ನ ಮುಖ ನೋಡೋಕೆ ಯಾಕೆ ಆಗ್ಲಿಲ್ಲ ನಿಮಗೆ?"

ಆತ ಕೈಗಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡ. "ಮಗು ಉಳಿಸಿಕೊಟ್ಟವರು ಡಾಕ್ಟರು. ಅವರೇ ಬಂದು ಕೇಳಿದಾಗ ಆಗಲ್ಲ ಅನ್ನೋಕೆ ನಾಲಿಗೆ ಏಳ್ಲಿಲ್ಲ. ಸಹಿ ಹಾಕ್ಬಿಟ್ಟೆ. ಆದ್ರೆ ಅವಳನ್ನ ಕೂರಿಸ್ಕೊಂಡು ಹಿಂಗಿಂಗೆ ಅಂತ ಹೇಳೋಕೂ ಆಗ್ಲಿಲ್ಲ. ಇವತ್ತಿನವರೆಗೂ ಒಂದು ಮಾತು ಹೇಳಿಲ್ಲ ನಾನು. ಹೆಂಗೂ ನೀವು ಹೇಳ್ತೀರಲ್ಲ ಅಂತ ಸುಮ್ಮನಾದೆ. ಅಪ್ಪ ಅನ್ನಿಸ್ಕೊಳ್ಳೋಕೆ ನಾಚಿಕೆಯಾಗುತ್ತೆ ಮೇಡಂ."

ಗೊಂಬೆ ಆಂಟಿಯ ಸಿಟ್ಟು ಸರ್ರನೆ ಇಳಿಯಿತು. ಇಂಥವನನ್ನು ಕಳ್ಳ ಅಂದುಕೊಂಡೆನಲ್ಲ ಎಂದು ಅವಳಿಗೇ ಮುಜುಗರವಾಯಿತು.

"ಬೇಜಾರು ಮಾಡ್ಕೋಬೇಡಿ. ನಾನಿರೋದು ಮತ್ತೆ ಯಾಕೆ? ಒಂದೊಂದೂ ಬಿಡಿಸಿ ಹೇಳಿದ್ದೀನಿ. ಎಲ್ಲ ಗೊತ್ತಿದ್ದೇ ಒಪ್ಕೊಂಡಿದ್ದಾಳೆ. ಗಟ್ಟಿಗಿತ್ತಿ ನಿಮ್ಮ ಮಗಳು."

ಆತ ಕಣ್ಣೊರೆಸಿಕೊಂಡು ಎದ್ದ.

ಚಿಕಿತ್ಸೆಯ ಕೋಣೆಯಲ್ಲಿ ಡಾಕ್ಟರು ಕೈಗವಸು ಹಾಕಿಕೊಂಡು ಸಿದ್ಧವಾಗಿದ್ದರು. ಟ್ರೇ ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ಅಪ್ಪ ಮಗಳನ್ನು ಎತ್ತಿ ಮಂಚದ ಮೇಲೆ ಕೂರಿಸಿದ. ಗೊಂಬೆ ಆಂಟಿ ಹೆಮ್ಮೆಯಿಂದಲೇ ಅಂದಳು, "ಸರ್, ಎರಡೆರಡು ಸಲ ಕೇಳಿದ್ದೀನಿ. ಪೂರ್ತಿ ಒಪ್ಪಿಗೆ ಇದೆ."

"ಶಭಾಷ್," ಅಂದರು ಡಾಕ್ಟರು.

ಹುಡುಗಿ ಮಂಚದಿಂದ ಜಾರಿ ಕೆಳಗಿಳಿದಳು. ಪುಟ್ಟಿಯನ್ನು ಮಂಚದ ನಡುಮಧ್ಯೆ ಮಲಗಿಸಿದಳು. ಬಣ್ಣಗೆಟ್ಟ ಫ್ರಾಕನ್ನು ತೊಡೆಯ ಮೇಲಕ್ಕೆ ಸರಿಸಿ, ಹಣೆಗೊಂದು ಮುತ್ತು ಕೊಟ್ಟು, "ಚೂರೇ ಚೂರು, ಆಯ್ತಾ?" ಎಂದು ಸಮಾಧಾನ ಮಾಡಿದಳು. ಆಮೇಲೆ ಒಂದು ಕೈಯಲ್ಲಿ ಅಪ್ಪನ ಬೆರಳು, ಇನ್ನೊಂದರಲ್ಲಿ ಗೊಂಬೆ ಆಂಟಿಯ ಬೆರಳು ಹಿಡಿದು ಬಾಗಿಲ ಕಡೆ ಎಳೆಯತೊಡಗಿದಳು. ಡಾಕ್ಟರು ಗೊಂಬೆ ಆಂಟಿಯ ಕಡೆ ನೋಡಿದರು. ಅವಳು ತಟ್ಟನೆ ನೆಲ ನೋಡಿದಳು.

"ಬನ್ನಿ," ಅಂದಳು ಹುಡುಗಿ, "ನಾವು ಹೊರಗೆ ಕೂತ್ಕೊಳ್ಳೋಣ. ದೊಡ್ಡವರಿದ್ರೆ ಮಕ್ಕಳು ಅಳ್ತಾರೆ."