ಗೊನೆ ಹಾಕಿದ ಗಿಡ

ನೀರು ತುಂಬಿದ ಗಾಜಿನ ಲೋಟದಲ್ಲಿ ಹೊನ್ನೇಶ ಬಾಳೆದಿಂಡಿನ ಚೂರೊಂದನ್ನು ಇಳಿಬಿಟ್ಟು ಹಿಡಿದ. ಸ್ವಲ್ಪ ಹೊತ್ತಿಗೆ ಅದರ ತುದಿಯಿಂದ ಹಾಲಿನಂಥ ಬಿಳಿ ಎಳೆ ನೀರಿಗಿಳಿಯಿತು.

"ನೋಡಬೇ ಯವ್ವಾ, ತೋಟಗಾರಿಕೆ ಸಾಹೇಬ್ರು ಹೇಳಿದ್ದು ಖರೆ ಆತು. ದುಂಡಾಣು ಸೊರಗು ರೋಗ. ಗಿಡ ಕಡಿದು, ಬುಡಸಮೇತ ಕಿತ್ತು ಸುಡಬೇಕು. ತಡಾ ಮಾಡಿದ್ರ ಇಡೀ ತ್ವಾಟ ಹೋಗ್ತೈತಿ." ಅವನು ಲೋಟ ಕೆಳಗಿಟ್ಟು ಕೊಡಲಿ ಎತ್ತಿಕೊಂಡ.

ನೀಲಗಂಗವ್ವ ಲೋಟದ ಕಡೆ ನೋಡಲೇ ಇಲ್ಲ. ಗಿಡವನ್ನು ನೋಡಿದಳು. ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು; ಗೊನೆ ಮಾತ್ರ ಏನೂ ಆಗಿಲ್ಲವೆಂಬಂತೆ ತೂಗುತ್ತಿತ್ತು. ಗೊನೆ ಹಾಕಿದ ಬಾಳೆಯೆಂದರೆ ತುಂಬಿದ ಬಸುರಿ. ಇತ್ತ ಸೊಸೆ ಕಾಂಚನಾಳಿಗೆ ಏಳು ತಿಂಗಳು, ಬರುವ ಸೋಮವಾರ ಸೀಮಂತದ ಕುಬಸ. ಅಂಥ ಮನೆಯವರು ಬಲಿಯದ ಗೊನೆಯ ಗಿಡಕ್ಕೆ ಕೊಡಲಿ ಹಾಕಬಾರದೆಂದು ನೀಲಗಂಗವ್ವನಿಗೆ ಅವಳ ಅತ್ತೆ ಹೇಳಿದ್ದಳು, ಆ ಅತ್ತೆಗೆ ಅವಳತ್ತೆ. ಬಸುರಿಯ ಗಂಡನಂತೂ ಮುಟ್ಟಲೇಬಾರದು.

"ಕೊಡ್ಲಿ ಕೆಳಗಿಡು. ಹೆರಿಗಿ ಆಗ್ಲಿ, ಆಮ್ಯಾಲ ಕಡಿಯಾಕ ಬರತೈತಿ."

"ಅಲ್ಲೀತನ ತ್ವಾಟಾನ ಇರೂದಿಲ್ಲಬೇ."

"ತ್ವಾಟ ಹ್ವಾದ್ರ ಮತ್ತ ಹಚ್ಚೂಣು. ಕೂಸು ಹ್ವಾದ್ರ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬುತ್ತಿ ತಂದಿದ್ದ ಕಾಂಚನಾ ಬದುವಿನ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಹೋದ ಸಲಾನೂ ನಿಮಗ ಕೂಸಿನ ಚಿಂತೀನ ಇತ್ರಿ, ಅತ್ತಿ." ಅವಳು ದನಿ ಏರಿಸಲಿಲ್ಲ. "ಹೊಟ್ಟಿ ಕೊಯ್ಯಬೇಕು ಅಂತ ಡಾಕ್ಟರ್ ಅಂದ್ರು. ನೀವು ಚೊಚ್ಚಲ ಬಸುರಿ ಮ್ಯಾಲ ಕತ್ತಿ ಆಡಿಸಬಾರ್ದು, ಇನ್ನೊಂದೀಟು ತಡೀರಿ ಅಂದ್ರಿ. ತಡದ್ವಿ. ಕೂಸು ಅಳಲೇ ಇಲ್ಲ."

ಶಿವನಿಚ್ಛೆ ಎಂದು ಊರಿಗೆಲ್ಲ ಹೇಳಿ, ಹೇಳುತ್ತ ಹೇಳುತ್ತ ನೀಲಗಂಗವ್ವ ತಾನೂ ನಂಬಿಬಿಟ್ಟಿದ್ದಳು. ಸೊಸೆ ಇಷ್ಟು ದಿನ ಈ ಮಾತನ್ನು ನುಂಗಿಕೊಂಡೇ ತನಗೆ ರೊಟ್ಟಿ ಬಡಿಸಿದ್ದಳು. ಅದೇ ಹೆಚ್ಚು ನೋಯಿಸಿತು.

ಅವಳು ಸೆರಗು ಸಿಕ್ಕಿಸಿ ಮಗನ ಕೈಯಿಂದ ಕೊಡಲಿ ಕಿತ್ತುಕೊಂಡಳು. "ನೀ ಮುಟ್ಟಬ್ಯಾಡ. ಪಾಪ ಅನ್ನೂದಿದ್ರ ನನಗಿರ್ಲಿ."

ಬಾಳೆ ಎಷ್ಟರ ಗಿಡ! ಗೊನೆಸಮೇತ ಉರುಳಿತು. ಹೊನ್ನೇಶ ಬುಡ ಅಗೆದು ತೆಗೆದ. ಗಿಡದ ಮೇಲೆ ಒಣಗಿದ ಎಲೆ-ರವದಿ ಒಟ್ಟಿ, ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದ. ಕೊಡಲಿಗಂಟಿದ ರಸದಿಂದಲೇ ರೋಗ ಮುಂದಿನ ಗಿಡಕ್ಕೆ ದಾಟುತ್ತದೆಂದು ಅವನು ಹೇಳಿದಾಗ, ನೀಲಗಂಗವ್ವ ಕೊಡಲಿಯ ಬಾಯಿಯನ್ನು ಉರಿಯಲ್ಲಿ ಹಿಡಿದಳು.

ಹಿಡಿದುಕೊಂಡೇ, ಯಾರ ಮುಖವನ್ನೂ ನೋಡದೆ ಅಂದಳು: "ಮುಂಡರಗಿ ದವಾಖಾನ್ಯಾಗ ಈ ಸಲ ಕೊಯ್ಯಬೇಕು ಅಂದ್ರ ನನ್ನ ಕೇಳಾಕ ಬರಬ್ಯಾಡ, ಹೊನ್ನೇಶಾ. ಸಹಿ ಮಾಡಿಬಿಡು."