ಮೂವತ್ತೆಂಟು ತಲೆ

"ನಾಲ್ಕನೇ ತರಗತಿ, ಎರಡು ನಿಮಿಷ ಹತ್ತು ಸೆಕೆಂಡು! ಇಡೀ ಶಾಲೆಗೇ ಮೊದಲು!" ಎಂದು ಹೆಡ್‌ಮಾಸ್ಟರು ಮೈದಾನದ ನಡುವೆ ನಿಂತು ಮೈಕಿನಲ್ಲಿ ಕೂಗಿದಾಗ ಮಕ್ಕಳು ಕುಣಿದಾಡಿಬಿಟ್ಟರು. ಬೆಂಕಿ ಬಿದ್ದರೆ ಕಟ್ಟಡದಿಂದ ಹೊರಗೆ ಬರುವುದು ಹೇಗೆ ಎಂಬುದರ ಅಭ್ಯಾಸ ಅದು. ಶಾಲೆಯ ವಾರ್ಷಿಕೋತ್ಸವದ ವಾರ: ಸೋಮವಾರ ಓಟದ ಸ್ಪರ್ಧೆ, ಮಂಗಳವಾರ ವಿಜ್ಞಾನ ಪ್ರದರ್ಶನ, ಬುಧವಾರ ಅಜ್ಜ ಅಜ್ಜಿಯರ ಭೇಟಿ, ಗುರುವಾರ ಗಿಡ ನೆಡುವುದು, ಶುಕ್ರವಾರ ಸಂಜೆ ನಾಟಕ. ಉಸಿರಾಡಲು ಉಳಿದಿದ್ದ ಶುಕ್ರವಾರದ ಬೆಳಗ್ಗೆಗೂ ಹೆಡ್‌ಮಾಸ್ಟರು ಇದೊಂದನ್ನು ತುರುಕಿದ್ದರು.

ನಾಲ್ಕನೇ ತರಗತಿಯ ಟೀಚರಿಗೆ ಮಕ್ಕಳು ಇಟ್ಟ ಹೆಸರು 'ಎಣಿಕೆ ಟೀಚರ್'. ಬೇರೆಯವರು ಒಬ್ಬೊಬ್ಬರದೇ ಹೆಸರು ಕೂಗಿ ಗಂಟಲು ಹರಿದುಕೊಳ್ಳುವಷ್ಟರಲ್ಲಿ ಈಕೆ ತಲೆ ಮುಟ್ಟಿ ಮುಟ್ಟಿ ಎಣಿಸಿ, ನೆರಳು ಹುಡುಕಿಕೊಂಡು ನಿಂತಿರುತ್ತಿದ್ದರು. ಬಸ್ಸಿನಲ್ಲಾಗಲಿ, ಮೃಗಾಲಯದಲ್ಲಾಗಲಿ, ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಲೆಕ್ಕ ತಪ್ಪಿದ್ದಿಲ್ಲ. ಇವತ್ತೂ ಹಾಜರಿ ಮೂವತ್ತೆಂಟು, ಸಾಲಿನಲ್ಲಿ ಮೂವತ್ತೆಂಟು. 'ಮೂವತ್ತೆಂಟು ಮಕ್ಕಳೂ ಸುರಕ್ಷಿತ' ಎಂದು ವರದಿ ಬರೆದು ಸಹಿ ಹಾಕಿ ಕೊಟ್ಟರು. ಸ್ವಲ್ಪ ಬೀಗಿದರು ಕೂಡ, ಸುಳ್ಳೇಕೆ.

ಆಮೇಲೆ ಕಣ್ಣು ಸಾಲಿನ ಕೊನೆಗೆ ಹೋಯಿತು. ಅಲ್ಲಿದ್ದ ತಲೆ ತೀರಾ ಕೆಳಗಿತ್ತು. ಬೆಳ್ಳಿ ಕಾಗದದ ಕಿರೀಟ, ಬಾಯಲ್ಲಿ ಬೆರಳು.

"ನೀನ್ಯಾವ ಕ್ಲಾಸೇ ಪುಟ್ಟಿ?"

"ನಂಗೆ ಕ್ಲಾಸಿಲ್ಲ. ಅಮ್ಮ ಬಟ್ಟೆ ಹೊಲೀತಿದ್ದಾಳೆ."

ನಾಟಕದ ಉಡುಪು ಹೊಲಿದುಕೊಡಲು ಬಂದಿದ್ದ ಟೈಲರಮ್ಮನ ಕಿರಿಮಗಳು, ಇನ್ನೂ ಶಾಲೆಗೇ ಸೇರದವಳು. ಇವಳ ಅಕ್ಕ ಇದೇ ತರಗತಿ. ಗಂಟೆ ಬಾರಿಸಿದ ಕೂಡಲೇ ಅಕ್ಕನ ಸಾಲು ಎಂದು ಬಂದು ನಿಂತುಬಿಟ್ಟಿದ್ದಳು. ಟೀಚರು ಈ ಸಲ ಒಂದೊಂದೇ ಮುಖ ನೋಡಿಕೊಂಡು ಬಂದರು. ಅಕ್ಕ ಇರಲಿಲ್ಲ. ಆ ಹುಡುಗಿಗೆ ಬೆಳಗ್ಗೆ ಮರದ ವೇಷ ತೊಡಿಸಿ, ರಟ್ಟಿನ ಕೊಂಬೆಗಳಿಗೆ ಎಲೆ ಅಂಟಿಸಿ, 'ಅಂಟು ಒಣಗೋ ತನಕ ಇಲ್ಲೇ ಇರು' ಎಂದು ಸಭಾಂಗಣದಲ್ಲಿ ಒಬ್ಬಳನ್ನೇ ಬಿಟ್ಟು ಬಂದವರು ಬೇರೆ ಯಾರೂ ಅಲ್ಲ, ತಾವೇ. ಗಂಟೆಯ ಗಡಿಬಿಡಿಯಲ್ಲಿ ಅದು ತಲೆಯಿಂದ ಹಾರಿಹೋಗಿತ್ತು. ಎಣಿಕೆ ಸರಿಬಂದ ಮೇಲೆ ನೆನಪಾಗುವುದಕ್ಕೆ ಕಾರಣವೂ ಇರಲಿಲ್ಲ.

ಟೀಚರು ಎದ್ದೆನೋ ಬಿದ್ದೆನೋ ಎಂದು ಓಡಿದರು. ಹುಡುಗಿ ಸಭಾಂಗಣದ ಬಾಗಿಲ ಒಳಗೇ ನಿಂತಿದ್ದಳು. ತೋಳುಗಳೆರಡೂ ಕೊಂಬೆಯೊಳಗೆ ಸಿಕ್ಕಿಕೊಂಡಿದ್ದರಿಂದ ಕಣ್ಣೀರು ಒರೆಸಿಕೊಳ್ಳಲೂ ಆಗದೆ, ಅದು ಗಲ್ಲದ ತನಕ ಇಳಿದು ಅಲ್ಲೇ ಒಣಗಿತ್ತು.

"ಗಂಟೆ ಕೇಳಿಸ್ಲಿಲ್ವಾ ಕಂದಾ?"

"ಕೇಳಿಸ್ತು ಟೀಚರ್. ಬಂದೆ. ಕೊಂಬೆ ಅಗಲ, ಬಾಗಿಲಲ್ಲಿ ಹಿಡೀಲಿಲ್ಲ. ಕೂಗ್ದೆ. ಗಂಟೆ ಸದ್ದೇ ಜೋರಾಗಿತ್ತು."

"ಅಯ್ಯೋ... ಹೆದರಿಕೊಂಡ್ಯಾ?"

"ಮೊದ್ಲು ಹೆದರ್ಕೊಂಡೆ. ಆಮೇಲೆ ಇಲ್ಲ. ನೀವು ಎಣಿಸ್ತೀರಲ್ಲ. ಒಂದು ಕಮ್ಮಿ ಬರುತ್ತೆ, ಬಂದೇ ಬರ್ತಾರೆ ಅಂತ ನಿಂತ್ಕೊಂಡಿದ್ದೆ."

ಟೀಚರು ಕತ್ತರಿ ಹುಡುಕುವ ತಾಳ್ಮೆಯೂ ಇಲ್ಲದೆ, ಎರಡು ಸಂಜೆ ಕೂತು ಮಾಡಿದ್ದ ಮರವನ್ನು ಬರಿಗೈಯಲ್ಲೇ ಹರಿದು ಹಾಕಿ ಹುಡುಗಿಯನ್ನು ಅಪ್ಪಿಕೊಂಡರು.

ಹೊರಗೆ ಜಗಲಿಯಲ್ಲಿ ಟೈಲರಮ್ಮ ಆಗಲೇ ಮಿಷನ್ನಿನ ಮುಂದೆ ಕೂತಾಗಿತ್ತು. "ಗಂಟೆ ಹೊಡೆದಾಗ ಜೀವ ಬಾಯಿಗೆ ಬಂತು ನೋಡಿ. ಆಮೇಲೆ ಚಿಕ್ಕೋಳು ನಿಮ್ಮ ಸಾಲಲ್ಲಿ ಕಂಡ್ಳು. ಸರಿ, ದೊಡ್ಡೋಳೂ ಅಲ್ಲೇ ಇರ್ತಾಳೆ ಅಂದ್ಕೊಂಡೆ. ನಿಮ್ಮ ಕೈಲಿ ಬಿಟ್ರೆ ನಂಗೆ ಯೋಚ್ನೆನೇ ಇಲ್ಲ ಟೀಚರ್."

"ಇವಳಿಗೆ ಸ್ವಲ್ಪ ನೀರು ಕುಡಿಸಿ," ಎಂದರು ಟೀಚರು. "ನಿಮ್ಮ ಹತ್ರ ಒಂದು ವಿಷಯ ಹೇಳೋದಿದೆ. ಆಫೀಸಿಗೆ ಹೋಗಿ ಬಂದುಬಿಡ್ತೀನಿ."

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಫೀಸಿಗೆ ಹೋಗುವ ಉದ್ದಕ್ಕೂ ಆ ಯೋಚನೆ ಬೆನ್ನು ಬಿಡಲಿಲ್ಲ. ಒಳಗೆ ಹೆಡ್‌ಮಾಸ್ಟರು ಸಂಜೆ ಪಾಲಕರಿಗೆ ಓದಿ ಹೇಳಲೆಂದು ಅದೇ ವರದಿಯನ್ನು ಮೇಜಿನ ಮೇಲಿಟ್ಟುಕೊಂಡು, ಪಕ್ಕದಲ್ಲಿ ಬಹುಮಾನದ ಫಲಕವನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. ಟೀಚರು ನಡೆದದ್ದೆಲ್ಲ ಹೇಳಿದರು.

ಹೆಡ್‌ಮಾಸ್ಟರು ಎದ್ದು ಬಾಗಿಲು ಮುಂದೆ ಮಾಡಿದರು. "ಮಗು ಸಿಕ್ತಲ್ಲ? ಏನೂ ಆಗಿಲ್ವಲ್ಲ? ವಾರವೆಲ್ಲ ಎಷ್ಟು ಚೆನ್ನಾಗಿ ನಡೀತು! ಈಗ ಕೊನೇ ದಿನ ಊರಿಗೆಲ್ಲ ಡಂಗುರ ಹೊಡೀಬೇಕಾ? ಸುಮ್ನಿರಮ್ಮ. ಇದೇನು ನಿಜವಾದ ಬೆಂಕಿನಾ?"

ಟೀಚರು ವರದಿಯನ್ನು ತಮ್ಮತ್ತ ಎಳೆದುಕೊಂಡು, ಮೂವತ್ತೆಂಟನ್ನು ಹೊಡೆದು ಹಾಕಿ ಮೂವತ್ತೇಳು ಎಂದು ಬರೆದರು. ಕೆಳಗೆ 'ಒಬ್ಬಳು ಒಳಗೇ ಉಳಿದಳು' ಎಂದು ಸೇರಿಸಿದರು.

"ನಿಜವಾದ ಬೆಂಕಿ ಅಲ್ಲ ಸಾರ್," ಎಂದರು. "ಅದಕ್ಕೇ ತಿದ್ದೋಕೆ ಆಗ್ತಿದೆ."